ಭಾವನ ಜಾವಾ

ಪುತ್ತೂರಿನ ಮಣ್ಣಿಗೆ ಆನೆ ಆಗಿಬರುವುದಿಲ್ಲ. ಇದು ನನ್ನ ಮಾತಲ್ಲ, ಮಹಾಲಿಂಗೇಶ್ವರ ದೇವಸ್ಥಾನದ ಐತಿಹ್ಯ. ಲಿಂಗಕ್ಕೆ ಸರಪಳಿ ಬಿಗಿದು ಕೀಳಹೊರಟ ಆನೆ ಚೂರುಚೂರಾಗಿ ಸಿಡಿದು, ಕೊಂಬು ಬಿದ್ದಲ್ಲಿ ಕೊಂಬೆಟ್ಟು, ಕಾಲು ಬಿದ್ದಲ್ಲಿ ಕಾರ್ಜಾಲು, ತಲೆ ಬಿದ್ದಲ್ಲಿ ತಾಳೆಪ್ಪಾಡಿ ಆಯಿತಂತೆ. ಸುಳ್ಯವೂ ಕಡಬವೂ ಒಂದು ಕಾಲಕ್ಕೆ ಪುತ್ತೂರು ತಾಲೂಕಿನೊಳಗೇ ಇದ್ದವಾದ್ದರಿಂದ ಆ ಕಟ್ಟಳೆ ಅಲ್ಲಿಗೂ ಅನ್ವಯವಾಗಬೇಕು ಎಂಬುದು ನನ್ನ ವಾದ. ಇದೆಲ್ಲ ಗೊತ್ತಿದ್ದೂ ನನ್ನ ಹೆಂಡತಿಯ ಅಣ್ಣ ಒಂದು ಬಿಳಿಯಾನೆಯನ್ನು ಪಿಕಪ್ಪಿನಲ್ಲಿ ತಂದು ಅಂಗಳದಲ್ಲಿ ಇಳಿಸಿದ. ಬಣ್ಣ ಮಾತ್ರ ಮೆರೂನ್. 1971ರ ಜಾವಾ ಮೋಟಾರು ಸೈಕಲ್ಲು.

ಅದರ ಗತಿಯೂ ಐತಿಹ್ಯದ ಪ್ರಕಾರವೇ ಆಯಿತು. ತಿಂಗಳೊಳಗೆ ಎಂಜಿನ್ ಸುಳ್ಯದಲ್ಲಿ, ಚಕ್ರಗಳು ಪುತ್ತೂರಿನ ಬೊಳುವಾರಿನಲ್ಲಿ, ಸೀಟು ಕಡಬದಲ್ಲಿ, ಡೈನಮೋ ಉಪ್ಪಿನಂಗಡಿಯಲ್ಲಿ. ಅಂಗಳದಲ್ಲಿ ಉಳಿದದ್ದು ಚಾಸಿಸ್ಸು ಮತ್ತು ಭಾವ. ಬೆಳ್ಳಾರೆಗೂ ಸವಣೂರಿಗೂ ನಡುವಿನ ಅವನ ಮನೆಯಿಂದ ಮೂರು ತಾಲೂಕಿಗೂ ಹೆಚ್ಚುಕಡಿಮೆ ಒಂದೇ ದೂರ. ಹಾಗಾಗಿ ಬೈಕು ಕೊಂಡ ಮೇಲೆ ಅವನು ಬಸ್ಸಿನಲ್ಲಿ ತಿರುಗಿದಷ್ಟು ಅದಕ್ಕೂ ಮೊದಲು ಜನ್ಮದಲ್ಲಿ ತಿರುಗಿರಲಿಲ್ಲ.

ಕೊಂಡದ್ದಕ್ಕೆ ಕಾರಣ ಕೇಳಿದರೆ ಅವನು ಅಜ್ಜನ ನೆನಪು, ಸಂಪ್ರದಾಯ ಅಂತೆಲ್ಲ ಹೇಳುತ್ತಾನೆ. ನಿಜವಾದ ಕಾರಣ ಚಾಲಿ ಅಡಿಕೆಯ ರೇಟು. ನಮ್ಮಲ್ಲಿ ಅಡಿಕೆಗೆ ಒಳ್ಳೆಯ ಕ್ರಯ ಬಂದ ವರ್ಷ ಬೋರ್‌ವೆಲ್ ಕೊರೆಯುತ್ತಾರೆ, ಮನೆಗೆ ಟೈಲ್ಸ್ ಹಾಕಿಸುತ್ತಾರೆ, ಇವೆರಡೂ ಆಗಿಹೋದವರು ಹಳೆಯ ಗಾಡಿ ಹುಡುಕುತ್ತಾರೆ. ಕಡಬದ ಆಚೆ ಒಂದು ಹಳೆ ಮನೆಯ ಕೊಟ್ಟಿಗೆಯಲ್ಲಿ, ಗೊಬ್ಬರದ ಗೋಣಿಗಳ ಹಿಂದೆ ಇದು ನಿಂತಿತ್ತು. ಹ್ಯಾಂಡಲಿನ ಮೇಲೆ ಕೋಳಿಗಳ ವಾಸ್ತವ್ಯ. ಯಜಮಾನರು ತೀರಿಕೊಂಡು ವರ್ಷಗಳಾಗಿದ್ದವು. ಮನೆಯವರು ಹೇಳಿದ್ದು ಒಂದೇ ಮಾತು: “ನಿಲ್ಲಿಸುವಾಗ ಓಡ್ತಾ ಇತ್ತು.” ಹಳೆ ಗಾಡಿ ಮಾರುವವರೆಲ್ಲರೂ ಇದನ್ನೇ ಹೇಳುತ್ತಾರೆ, ಕೊಳ್ಳುವವರೆಲ್ಲರೂ ಇದನ್ನೇ ನಂಬುತ್ತಾರೆ. ನಿಲ್ಲಿಸುವವರೆಗೆ ಯಾವ ಗಾಡಿ ಓಡುವುದಿಲ್ಲ ಮಾರಾಯ್ರೆ?

ಜಾವಾದ ಮೇಲೆ ನಮ್ಮ ಕಡೆಯವರಿಗೆ ಇರುವ ಮೋಹಕ್ಕೆ ಅರ್ಥ ಉಂಟು, ಅದನ್ನು ಒಪ್ಪಬೇಕು. ಅದರ ಬೇರು ಝೆಕ್ ದೇಶದಲ್ಲಿದ್ದರೂ ನಮಗೆ ಅದು ಮೈಸೂರಿನ ಗಾಡಿ. ಇರಾನಿ ಕುಟುಂಬದವರ ಐಡಿಯಲ್ ಜಾವಾ ಕಾರ್ಖಾನೆ ಯಾದವಗಿರಿಯಲ್ಲಿ 1961ರಿಂದ ಬೈಕು ಮಾಡಿತು, ಎಪ್ಪತ್ತರ ದಶಕದಲ್ಲಿ ಹೆಸರು ಬದಲಿಸಿ ಯೆಜ್ಡಿ ಮಾಡಿತು, 1996ರಲ್ಲಿ ಬಾಗಿಲು ಹಾಕಿತು. ಮೈಸೂರಿನಿಂದ ಮಡಿಕೇರಿ ದಾಟಿ, ಸಂಪಾಜೆ ಘಾಟಿ ಇಳಿದರೆ ಸುಳ್ಯ, ಮುಂದೆ ಪುತ್ತೂರು, ಮಾಣಿ. ಅಂಗಡಿಯಿಂದ ಹೊಸ ಬೈಕನ್ನು ಲಾರಿಗೆ ಹಾಕದೆ ಓಡಿಸಿಕೊಂಡೇ ಈ ದಾರಿಯಲ್ಲಿ ತಂದವರ ಕಥೆಗಳು ನಮ್ಮಲ್ಲಿ ಈಗಲೂ ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಸಿಗುತ್ತವೆ. ಪ್ರತಿ ಸಲ ಕೇಳುವಾಗಲೂ ಮಳೆ ಸ್ವಲ್ಪ ಜೋರಾಗಿರುತ್ತದೆ, ಅಡ್ಡ ಬಂದ ಪ್ರಾಣಿ ಸ್ವಲ್ಪ ದೊಡ್ಡದಾಗಿರುತ್ತದೆ.

ಯಂತ್ರವೂ ತಮಾಷೆಯದ್ದೇ. ಸಿಲಿಂಡರ್ ಒಂದು, ಸೈಲೆನ್ಸರ್ ಎರಡು. ಕಿಕ್ ಮಾಡುವ ಲಿವರೂ ಗೇರು ಹಾಕುವ ಲಿವರೂ ಒಂದೇ. ಅದನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್. ಎಂಜಿನ್ ಚಾಲೂ ಆದ ಮೇಲೆ ಮುಂದಕ್ಕೆ ಮಡಚಿದರೆ ಗೇರು. ಆ ಗೇರು ಲಿವರನ್ನು ಒತ್ತಿದ ಕೂಡಲೇ ಒಳಗಿನ ಏರ್ಪಾಡು ತಾನಾಗಿ ಕ್ಲಚ್ಚು ಬಿಡಿಸುತ್ತದೆ. ಓಡುತ್ತಿರುವಾಗ ಎಡಗೈಗೆ ಕೆಲಸವೇ ಇಲ್ಲದೆ ಗೇರು ಬದಲಿಸಬಹುದು. ಆ ಕಾಲದ ಗಾಡಿಯಲ್ಲಿ ಇದು! ಭಾವ ಇದನ್ನು ವಿವರಿಸುವಾಗ ಅವನ ಮುಖ ನೋಡಬೇಕು, ತಾನೇ ಕುಳಿತು ಕಂಡುಹಿಡಿದವನ ಗತ್ತು. ಆಗ ಎಂಜಿನ್ ತುಕ್ಕು ಹಿಡಿದು ಕಲ್ಲಾಗಿತ್ತು ಎಂಬುದನ್ನು ನೆನಪಿಸುವ ಪುಣ್ಯಕಾರ್ಯ ನನ್ನದು.

ಪಿಸ್ಟನ್ನು ಸಿಲಿಂಡರಿಗೆ ಅಂಟಿ ಕುಳಿತಿತ್ತು. ಸ್ಪಾರ್ಕ್ ಪ್ಲಗ್ಗಿನ ತೂತಿನಿಂದ ಡೀಸೆಲ್ಲು, ಎಂಜಿನ್ ಆಯಿಲ್ ಸುರಿದು ವಾರಗಟ್ಟಲೆ ಬಿಡಬೇಕು, ನಡುನಡುವೆ ಮರದ ತುಂಡಿಟ್ಟು ಮೆಲ್ಲನೆ ತಟ್ಟಬೇಕು, ಅವಸರ ಮಾಡಬಾರದು. ಭಾವನಿಗೆ ಈ ಮೂರನೆಯದು ಕಷ್ಟ. ಸುಳ್ಯದ ಮೇಸ್ತ್ರಿ ಸಿಕ್ಕದಿದ್ದರೆ ಅವನು ಪಿಸ್ಟನ್ನನ್ನು ಸಬ್ಬಲಿನಲ್ಲಿ ಎಬ್ಬಿಸುತ್ತಿದ್ದ. ಸುಳ್ಯ ಎಂದರೆ ಜೀಪಿನ ಊರು. ಗುಡ್ಡದ ತಲೆಯ ಮೇಲಿನ ತೋಟಗಳಿಗೆ ಇಂದೂ ಹಳೆಯ ಜೀಪುಗಳೇ ಹತ್ತುವುದು, ಹಾಗಾಗಿ ಹಳೆಯದನ್ನು ಎಸೆಯದೆ ತಿದ್ದುವ ಕೈಗಳು ಅಲ್ಲಿ ಉಳಿದಿವೆ. ಈ ಮೇಸ್ತ್ರಿಗೆ ಮಾತಿನ ದಾರಿದ್ರ್ಯ. ಎಂಜಿನ್ ಬಿಚ್ಚಿ, ಕ್ರ್ಯಾಂಕಿನ ಆಯಿಲ್ ಸೀಲನ್ನು ಉಗುರಲ್ಲಿ ಒತ್ತಿದರು. ಅದು ಹಪ್ಪಳದ ಹುಡಿಯಾಯಿತು. “ಸೀಲು ಹೋದ್ರೆ ಟೂ ಸ್ಟ್ರೋಕ್ ಹೋಯ್ತು” ಅಂದರು, ಅಷ್ಟೆ. ವಿಷಯ ಇಷ್ಟು: ಈ ಜಾತಿಯ ಎಂಜಿನಿನಲ್ಲಿ ಪೆಟ್ರೋಲು–ಗಾಳಿಯ ಮಿಶ್ರಣ ಮೊದಲು ಕ್ರ್ಯಾಂಕ್ ಕೋಣೆಯಲ್ಲಿ ಒತ್ತಡಕ್ಕೆ ಸಿಕ್ಕಿ ಆಮೇಲೆ ಮೇಲೆ ಹೋಗಬೇಕು. ಸೀಲು ಸೋರಿದರೆ ಹೊರಗಿನ ಗಾಳಿಯೋ ಪಕ್ಕದ ಗೇರ್ ಆಯಿಲೋ ಒಳಗೆ ನುಗ್ಗುತ್ತದೆ. ಕಾರ್ಬುರೇಟರನ್ನು ಎಷ್ಟು ತಿರುಪಿದರೂ ಪ್ರಯೋಜನವಿಲ್ಲ. ಹೊಗೆ ನೋಡಿಯೇ ಆ ಮೇಸ್ತ್ರಿ ರೋಗ ಹೇಳುತ್ತಾರೆ: ತೆಳು ನೀಲಿಯಾದರೆ ಸರಿ, ದಟ್ಟ ಬಿಳಿಯಾದರೆ ಗೇರ್ ಆಯಿಲ್ ಉರಿಯುತ್ತಿದೆ, ಹೊಗೆಯೇ ಇಲ್ಲದಿದ್ದರೆ ಪೆಟ್ರೋಲಿಗೆ ಬೆರೆಸುವ ಟೂಟಿ ಆಯಿಲ್ ಹಾಕಲು ಮರೆತಿದ್ದೀರಿ, ಓಡಿಸಬೇಡಿ. ಸಿಲಿಂಡರಿನ 65 ಮಿಲಿಮೀಟರಿನ ಬೋರನ್ನು ಲೇತಿನಲ್ಲಿ ಒಂದು ಸುತ್ತು ದೊಡ್ಡದು ಮಾಡಿಸಿ, ಅದಕ್ಕೊಪ್ಪುವ ಪಿಸ್ಟನ್ನನ್ನು ಮೈಸೂರಿನಿಂದ ತರಿಸಿದ್ದಾಯಿತು.

ಬಿಡಿಭಾಗಗಳ ವಿಷಯದಲ್ಲಿ ಒಂದು ವಿಪರ್ಯಾಸ ಹೇಳಲೇಬೇಕು. ಸುಳ್ಯ, ಕಡಬದ ಗುಡ್ಡಗಳಲ್ಲಿ ರಬ್ಬರ್ ಮರಗಳಿಗೆ ಲೆಕ್ಕ ಉಂಟಾ? ಖಾಸಗಿ ತೋಟ ಬಿಡಿ, ಅರಣ್ಯ ಅಭಿವೃದ್ಧಿ ನಿಗಮದ್ದೇ ಎಷ್ಟು ಗುಡ್ಡ! ಇಂಥ ಊರಿನಲ್ಲಿ ಜಾವಾದ ಒಂದು ಹಿಡಿಯಷ್ಟು ರಬ್ಬರ್ ಬುಷ್ಷಿಗೆ ಭಾವ ಬೆಂಗಳೂರಿನ ಜೆ.ಸಿ. ರಸ್ತೆಗೆ ಫೋನು ಮಾಡಿ ಗೋಗರೆಯುತ್ತಿದ್ದ. ಅದೇ ಹೊತ್ತಿಗೆ ಅವನ ಮನೆಯ ಹಿಂದೆ ಒಣಗಲು ಹಾಕಿದ ರಬ್ಬರ್ ಶೀಟುಗಳು ಸಾಲಾಗಿ ನೇತಾಡುತ್ತಿದ್ದವು.

ಪೆಟ್ರೋಲ್ ಟ್ಯಾಂಕಿನ ಪ್ರಕರಣವನ್ನು ಮಾತ್ರ ವಿವರವಾಗಿ ಹೇಳುತ್ತೇನೆ, ಏಕೆಂದರೆ ಅದರಲ್ಲಿ ನನ್ನ ಅತ್ತೆಯ ವಿಜಯ ಉಂಟು. ಟ್ಯಾಂಕಿನ ಒಳಗೆ ಟಾರ್ಚು ಬಿಟ್ಟು ನೋಡಿದರೆ ಕಂದು ಹೊಪ್ಪಳೆ, ಅಲುಗಿಸಿದರೆ ಒಳಗೆ ಗಲಗಲ. ಭಾವ ಯಾವ್ಯಾವುದೋ ವಿಡಿಯೋ ನೋಡಿ ದುಬಾರಿ ರಾಸಾಯನಿಕದ ಹೆಸರುಗಳನ್ನು ಬರೆದುಕೊಂಡಿದ್ದ. ಜಗಲಿಯಲ್ಲಿ ವೀಳ್ಯ ಹಾಕುತ್ತಿದ್ದ ಅತ್ತೆ ಕೇಳಿದರು: “ಎಂತ, ತುಕ್ಕಾ? ಬಿಂಬುಳಿ ಹಾಕಬಾರದಾ?” ನಾವು ನಕ್ಕೆವು. ಅವರು ನಗಲಿಲ್ಲ. ಹಿತ್ತಿಲಿನ ಬಿಂಬುಳಿ ಮರದ ಕಾಂಡಕ್ಕೇ ಜೋತುಬಿದ್ದಿದ್ದ ಕಾಯಿಗಳನ್ನು ಕುಕ್ಕೆಯಲ್ಲಿ ತಂದು, ಒರಳಲ್ಲಿ ಜಜ್ಜಿ, ಬಟ್ಟೆಯಲ್ಲಿ ಸೋಸಿದರು. ಆ ರಸವನ್ನು ಟ್ಯಾಂಕಿಗೆ ಸುರಿದು, ಒಂದು ಹಿಡಿ ಸಣ್ಣ ಜಲ್ಲಿ ಹಾಕಿ, ಅಳಿಯ ಒಂದು ಬದಿ ಮಗ ಒಂದು ಬದಿ ಹಿಡಿದು ಕುಲುಕಿದ್ದೇ ಕುಲುಕಿದ್ದು. ಎರಡು ದಿನ ನೆನೆಹಾಕಿ ಚೆಲ್ಲಿದರೆ ಕಾಫಿ ಕಷಾಯದ ಬಣ್ಣದ ನೀರು, ಒಳಗೆ ಬೂದು ಬಣ್ಣದ ಬರಿ ತಗಡು! ಬಿಂಬುಳಿಯಲ್ಲಿ ಆಕ್ಸಾಲಿಕ್ ಆಮ್ಲ ಧಾರಾಳ ಇರುತ್ತದೆ, ತುಕ್ಕು ಬಿಡಿಸಲು ಅಂಗಡಿಯಲ್ಲಿ ಪುಡಿಯ ರೂಪದಲ್ಲಿ ಸಿಗುವುದೂ ಅದೇ ಆಮ್ಲ ಎಂದು ನಾನು ಆಮೇಲೆ ಪಾಂಡಿತ್ಯ ಪ್ರದರ್ಶಿಸಿದೆ. ಅತ್ತೆ, “ಹೌದಾ, ಕಂಚಿನ ತಟ್ಟೆ ತೊಳೆಯುವಾಗ ನಮಗೆ ಹೆಸರು ಗೊತ್ತಿರಲಿಲ್ಲ” ಅಂದರು. ಸೋಡಾಪುಡಿಯ ನೀರಲ್ಲಿ ತೊಳೆದು ಬಿಸಿಲಿಗಿಟ್ಟದ್ದೇ ತಡ, ಬರಿಮೈಯ ತಗಡು ನಮ್ಮ ಕಣ್ಣೆದುರೇ ಮತ್ತೆ ಕಿತ್ತಳೆ ಬಣ್ಣಕ್ಕೆ ತಿರುಗತೊಡಗಿತು. ಕೂಡಲೇ ಆಯಿಲ್ ಹೊಯ್ದು ಒಳಗೆಲ್ಲ ಓಡಾಡಿಸಿ ಮಾನ ಉಳಿಸಿಕೊಂಡೆವು. ಘಟ್ಟದ ಬುಡದ ಹವೆಯಲ್ಲಿ ಕಬ್ಬಿಣಕ್ಕೆ ಒಂದು ಗಂಟೆಯ ಪುರುಸೊತ್ತು ಕೊಟ್ಟರೂ ಅಪಾಯವೇ.

ಸೈಲೆನ್ಸರಿನ ಒಳಗಿನ ನಳಿಗೆಯ ಕಥೆ ಅತ್ತೆಯ ಸೊಸೆಯನ್ನು ಕೇಳಬೇಕು. ಟೂ ಸ್ಟ್ರೋಕ್ ಸೈಲೆನ್ಸರಿನಲ್ಲಿ ಅರೆ ಬೆಂದ ಆಯಿಲ್ ಕರಿ ಕಟ್ಟಿ ದಾರಿ ಮುಚ್ಚುತ್ತದೆ. ಅದನ್ನು ಸುಟ್ಟೇ ತೆಗೆಯಬೇಕು. ಎಲ್ಲಿ ಸುಡುವುದು? ಬಚ್ಚಲ ಹಂಡೆಯ ಒಲೆಯಲ್ಲಿ. ಆ ಸಂಜೆ ಮನೆಮಂದಿಯೆಲ್ಲ ಸ್ನಾನ ಮಾಡಿ ಬಂದ ಮೇಲೆ ಒಬ್ಬರ ಹತ್ತಿರ ಒಬ್ಬರು ಕುಳಿತುಕೊಳ್ಳಲಿಲ್ಲ.

ಇಷ್ಟೆಲ್ಲ ಆಗುವಾಗ ಭಾವನನ್ನು ಮತ್ತೊಂದು ಜ್ವರ ಹಿಡಿಯಿತು. ಅದರ ಹೆಸರು ‘ಒರಿಜಿನಲ್’. ಕಾರ್ಬುರೇಟರ್ ಜಿಕೋವೇ ಆಗಬೇಕು. ಕರೆಂಟು ಆರು ವೋಲ್ಟೇ ಇರಬೇಕು. ಹ್ಯಾಂಡಲಿನ ಹಿಡಿಯ ಮೇಲೆ ಕಂಪೆನಿಯ ಅಕ್ಷರ ಇರಬೇಕು. ಟ್ಯಾಂಕಿನ ಮೇಲಿನ ಚಿನ್ನದ ಗೆರೆ ಕೈಯಲ್ಲೇ ಎಳೆದದ್ದಾಗಬೇಕು. ಈ ಜ್ವರ ಬಂದವರು ಎಲ್ಲ ಊರಲ್ಲೂ ಇದ್ದಾರೆ. ಒಬ್ಬರನ್ನೊಬ್ಬರು ವಾಸನೆಯಿಂದಲೇ ಗುರುತಿಸುತ್ತಾರೆ. ಪ್ರತಿ ಜುಲೈಯ ಎರಡನೇ ಭಾನುವಾರ ಜಾವಾ–ಯೆಜ್ಡಿ ದಿನ ಎಂದು ಸೇರಿ, ಪಕ್ಕದವನ ಗಾಡಿಯ ಯಾವ ಬೋಲ್ಟು ಆಮೇಲೆ ಹಾಕಿದ್ದು ಎಂದು ಬಗ್ಗಿ ಬಗ್ಗಿ ನೋಡುತ್ತಾರೆ. ನನ್ನ ಅಭಿಪ್ರಾಯವನ್ನು ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ: ಇದು ಶುದ್ಧ ಮಡಿವಂತಿಕೆ. ಆ ಕಡಬದ ಯಜಮಾನರು ಅದನ್ನು ಓಡಿಸುತ್ತಿದ್ದ ಕಾಲದಲ್ಲಿ ಬ್ರೇಕಿನ ಕೇಬಲ್ ತುಂಡಾದರೆ ಸೈಕಲ್ಲಿನ ಕೇಬಲ್ ಸಿಕ್ಕಿಸಿಕೊಂಡು ಮನೆಗೆ ಬಂದವರು. ಎಂಜಿನ್ ಕಳಚಿದಾಗ ಒಳಗೆ ಸಿಕ್ಕಿದ ಒಂದು ವಾಷರು ಯಾವುದೋ ಔಷಧಿ ಹೊಡೆಯುವ ಪಂಪಿನದ್ದು, ಮೇಸ್ತ್ರಿ ನೋಡಿದ ಕೂಡಲೇ ಹೇಳಿದರು. ವರ್ಷಗಟ್ಟಲೆ ಅದು ಗುಣುಗದೆ ಕೆಲಸ ಮಾಡಿದೆ. ಅದನ್ನು ತೆಗೆದು ಎಸೆದು ‘ಒರಿಜಿನಲ್’ ವಾಷರಿಗೆ ತಿಂಗಳು ಕಾದವನ ಬುದ್ಧಿಗೆ ಏನೆನ್ನಬೇಕು? ಇನ್ನು ಆರು ವೋಲ್ಟಿನ ಬೆಳಕು. ಜುಲೈ ತಿಂಗಳ ರಾತ್ರಿ ಪಂಜದಿಂದ ನಿಂತಿಕಲ್ಲಿಗೆ ಆ ಬೆಳಕಿನಲ್ಲಿ ಬರುವವನಿಗೆ ರಸ್ತೆ ಕಾಣುವುದಿಲ್ಲ, ರಸ್ತೆಯಲ್ಲಿರುವವರಿಗೆ ಬೈಕು ಕಾಣುವುದಿಲ್ಲ. ಹನ್ನೆರಡು ವೋಲ್ಟಿನ ಕಿಟ್ಟು ಸಿಗುತ್ತದೆ, ಎಲೆಕ್ಟ್ರಾನಿಕ್ ಇಗ್ನಿಷನ್ನೂ ಸಿಗುತ್ತದೆ; ಹಾಕಿಸಿಕೊಂಡು ಜೀವಸಹಿತ ಮನೆಗೆ ಬರಬೇಕು. ಇದನ್ನು ಹೇಳಿದ್ದಕ್ಕೆ ಭಾವ ಎರಡು ತಿಂಗಳು ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ.

ಅವನ ಮಡಿ ಮುರಿದದ್ದು ನಾನಲ್ಲ, ಕಾಗದಪತ್ರ. ತೀರಿಕೊಂಡವರ ಹೆಸರಿನ ಆರ್‌ಸಿ. ಮೊದಲು 31ನೇ ನಮೂನೆಯಲ್ಲಿ ವಾರಸುದಾರರ ಹೆಸರಿಗೆ, ಆಮೇಲೆ 29, 30ರಲ್ಲಿ ಭಾವನ ಹೆಸರಿಗೆ, ಆಮೇಲೆ 25ರಲ್ಲಿ ನವೀಕರಣ. ಅದಕ್ಕೂ ಮೊದಲು ಕೈಬರಹದ ಪುಸ್ತಕದಲ್ಲಿರುವ ಗಾಡಿಯನ್ನು ಕಂಪ್ಯೂಟರಿನ ‘ವಾಹನ್’ ಒಳಗೆ ಹತ್ತಿಸಬೇಕು; ಇಲ್ಲದಿದ್ದರೆ ಅಂಗಳದಲ್ಲಿ ಕಣ್ಣಾರೆ ಕಾಣುವ ಬೈಕು ಸರಕಾರದ ಪಾಲಿಗೆ ಹುಟ್ಟಿಯೇ ಇಲ್ಲ. ಚಾಸಿಸ್ಸಿನ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುವ ಕೆಲಸ ಭಾವನ ಮಗಳಿಗೆ ಬಿತ್ತು. ಶಾಲೆಯಲ್ಲಿ ನಾಣ್ಯದ ಅಚ್ಚು ತೆಗೆದ ಅನುಭವ ಅವಳಿಗೆ ಇತ್ತು. ಐವತ್ತು ವರ್ಷದ ಬಣ್ಣದ ಪದರಗಳ ಕೆಳಗಿನಿಂದ ಅಂಕಿಗಳು ಒಂದೊಂದಾಗಿ ಕಾಗದದ ಮೇಲೆ ಎದ್ದು ಬಂದವು. ಕೂಲಿ, ಕ್ಯಾಂಪ್ಕೋದ ಚಾಕಲೇಟು, ಪುತ್ತೂರಿನಲ್ಲೇ ಆಗುವುದಲ್ಲವಾ.

ಆಗ ಯಾರೋ ಕಿವಿಯಲ್ಲಿ ಹೇಳಿದರು: 50 ದಾಟಿದ ಗಾಡಿಯಲ್ಲವಾ, ‘ವಿಂಟೇಜ್’ ಅಂತ ಮಾಡಿಸಿ. ಭಾವನ ಎದೆ ಉಬ್ಬಿತು. 2021ರಲ್ಲಿ ಕೇಂದ್ರ ಸರಕಾರ ತಂದ ನಿಯಮ ಅದು. ಮೊದಲ ನೋಂದಣಿಯಿಂದ 50 ವರ್ಷ ಕಳೆದಿರಬೇಕು, ವ್ಯಾಪಾರಕ್ಕೆ ಬಳಸಿರಬಾರದು, ಚಾಸಿಸ್ಸು ಎಂಜಿನ್ನುಗಳ ಮೂಲ ರೂಪ ಕೆಟ್ಟಿರಬಾರದು. ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಅವಧಿ, ಮತ್ತೆ ನವೀಕರಣಕ್ಕೆ 5,000. ನಂಬರಿನ ನಡುವೆ ‘ವಿಎ’ ಎಂಬ ಬಿರುದು. ಭಾವ ದುಡ್ಡು ಹೊಂದಿಸುವವರೆಗೂ ಹೋಗಿದ್ದ. ನಾನು ಕೊನೆಯ ಷರತ್ತು ಓದಿ ಹೇಳಿದೆ: ಇಂಥ ಗಾಡಿಯನ್ನು ನಿತ್ಯದ ಓಡಾಟಕ್ಕೆ ರಸ್ತೆಗೆ ಇಳಿಸುವಂತಿಲ್ಲ. ಪ್ರದರ್ಶನಕ್ಕೆ, ರ‍್ಯಾಲಿಗೆ, ದುರಸ್ತಿಗೆ, ಪೆಟ್ರೋಲ್ ಹಾಕಿಸಿಕೊಳ್ಳಲಿಕ್ಕೆ ಮಾತ್ರ. ಅಂದರೆ ರಸ್ತೆಗೆ ಯೋಗ್ಯ ಮಾಡಲು ಒದ್ದಾಡಿದ ಗಾಡಿಗೆ, ರಸ್ತೆಗೆ ಬರಬೇಡ ಎನ್ನುವ ಸನ್ಮಾನ! ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದು, “ಪೆಟ್ರೋಲಿಗೆ ಹೋಗಬಹುದಲ್ಲ, ಸುಬ್ರಹ್ಮಣ್ಯದವರೆಗೆ ಎಷ್ಟು ಬಂಕು ಉಂಟು?” ಅಂದ. ಕೊನೆಗೆ ಸಾಮಾನ್ಯ ನವೀಕರಣವೇ ಸಾಕೆಂದು ತೀರ್ಮಾನವಾಯಿತು. ಇಪ್ಪತ್ತು ವರ್ಷ ದಾಟಿದ ಬೈಕಿಗೆ 2025ರಿಂದ ಅದು 2,000 ರೂಪಾಯಿ. ತಡದ ದಂಡ, ಇನ್ಶೂರೆನ್ಸು ಬೇರೆ.

ಹೊಗೆ ತಪಾಸಣೆಯ ದಿನ ಭಾವನಿಗೆ ಪರೀಕ್ಷೆ ಬರೆಯುವ ಹುಡುಗನ ನಡುಕ. ಆದರೆ ಕಾನೂನಿಗೆ ಹಿರಿಯರ ಮೇಲೆ ಕರುಣೆ ಉಂಟು: 2000ದ ಮಾರ್ಚ್ ಕೊನೆಯವರೆಗಿನ ದ್ವಿಚಕ್ರಕ್ಕೆ ಕಾರ್ಬನ್ ಮಾನಾಕ್ಸೈಡ್ ಶೇಕಡಾ 4.5ರವರೆಗೆ, ಹೈಡ್ರೋಕಾರ್ಬನ್ 9,000 ಪಿಪಿಎಂವರೆಗೆ ಮಾಫಿ. ಪಾಸಾಯಿತು. ನಿಜವಾದ ಪೆಟ್ಟು ಬಿದ್ದದ್ದು ನಂಬರ್ ಪ್ಲೇಟಿನಲ್ಲಿ. ಮುಂದಿನ ಮಡ್‌ಗಾರ್ಡಿನ ಮೇಲೆ ಪೇಂಟರೊಬ್ಬರಿಂದ ಹಳೆಯ ಶೈಲಿಯ ಅಕ್ಷರದಲ್ಲಿ ನಂಬರು ಬರೆಸಿ, ಕನ್ನಡಿಯಂತೆ ಮುಖ ನೋಡಿಕೊಳ್ಳುವಷ್ಟು ನುಣುಪು ಮಾಡಿಸಿದ್ದ. ಈಗ ಎಲ್ಲ ಹಳೆ ಗಾಡಿಗೂ ಹೊಲೊಗ್ರಾಮ್ ಇರುವ ಅಲ್ಯುಮಿನಿಯಂ ತಗಡು ಕಡ್ಡಾಯವಲ್ಲವಾ? ಆ ತಗಡು ಕುಳಿತ ದಿನ ಭಾವನೊಳಗಿನ ಮಡಿವಂತ ಸತ್ತ. ಮರುವಾರವೇ ಹನ್ನೆರಡು ವೋಲ್ಟಿನ ಕಿಟ್ಟೂ ಎಲೆಕ್ಟ್ರಾನಿಕ್ ಇಗ್ನಿಷನ್ನೂ ಬಂದವು. ಜಿಕೋವ್ ಜಾಗದಲ್ಲಿ ಮಿಕುನಿ ಬಂತು. ನಾನು ಏನೂ ಹೇಳಲಿಲ್ಲ. ಹೇಳದೆ ಇರುವುದರಲ್ಲಿ ಎಷ್ಟು ಸುಖ ಉಂಟೆಂದು ಅವತ್ತು ತಿಳಿಯಿತು.

ಪೇಟೆಯಲ್ಲಿ ಟೂ ಸ್ಟ್ರೋಕ್ ಬೈಕುಗಳು ಅಪರೂಪವಾಗಿರಬಹುದು, ನಮ್ಮ ತೋಟಗಳಲ್ಲಿ ಆ ವಂಶ ಅಳಿದಿಲ್ಲ. ಕಳೆ ಕೊಚ್ಚುವ ಯಂತ್ರ ಇಲ್ಲದ ಮನೆ ತೋರಿಸಿ ನೋಡುವ. ಹೆಚ್ಚಿನವು ಟೂ ಸ್ಟ್ರೋಕೇ, ಪೆಟ್ರೋಲಿಗೆ ಆಯಿಲ್ ಬೆರೆಸಿಯೇ ಕುಡಿಸಬೇಕು. ಹಾಗಾಗಿ ಬೆಳ್ಳಾರೆಯ ಗೊಬ್ಬರದಂಗಡಿಯಲ್ಲೂ ಟೂಟಿ ಸಿಗುತ್ತದೆ. ಭಾವನ ಜಾವಾದ ಆಯಿಲ್ ಖರ್ಚೆಲ್ಲ ಮನೆಯ ಲೆಕ್ಕಪುಸ್ತಕದಲ್ಲಿ ‘ಹುಲ್ಲು ಕೊಚ್ಚಿದ್ದು’ ಎಂಬ ಬಾಬಿಗೆ ಬಿದ್ದಿದೆ. ಆ ಲೆಕ್ಕ ನಂಬಿದರೆ ಅವನ ತೋಟದಲ್ಲಿ ಈ ಹೊತ್ತಿಗೆ ಒಂದು ಗರಿಕೆಯೂ ಇರಬಾರದು. ತಲೆನೋವು ಪೆಟ್ರೋಲಿನದ್ದು. ಈಗಿನದರಲ್ಲಿ ಶೇಕಡಾ 20ರವರೆಗೆ ಎಥೆನಾಲ್. ಅದು ಗಾಳಿಯ ನೀರನ್ನು ಹೀರುತ್ತದೆ, ಹಳೆ ರಬ್ಬರನ್ನು ಉಬ್ಬಿಸುತ್ತದೆ. ಆಟಿ ತಿಂಗಳಲ್ಲಿ ಬೈಕು ಬಹಳ ದಿನ ನಿಂತರೆ ಟ್ಯಾಂಕಿನ ತಳದಲ್ಲಿ ನೀರು ಬೇರೆಯೇ ಕುಳಿತುಕೊಳ್ಳಬಹುದು. ಅದಕ್ಕೆ ಮದ್ದು ಒಂದೇ, ನಿಲ್ಲಿಸದೆ ಓಡಿಸುವುದು.

ಅಂತೂ ಮಳೆ ಬಿಟ್ಟ ಮೇಲೆ ನನ್ನನ್ನು ಹಿಂದೆ ಕೂರಿಸಿಕೊಂಡು ಭಾವ ಕಡಬಕ್ಕೆ ಹೊರಟ. ಬೈಕನ್ನು ಅದರ ಹಳೆಯ ಮನೆಯವರಿಗೆ ತೋರಿಸಬೇಕಂತೆ. ಸವಣೂರು, ಕುದ್ಮಾರು ದಾಟುವವರೆಗೆ ಸೊಗಸಾಗಿ ಓಡಿತು. ಏರಿನಲ್ಲಿ ಒತ್ತಿದಷ್ಟೂ ಉಸಿರು ಕೊಡುತ್ತಿತ್ತು, ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಟೂ ಸ್ಟ್ರೋಕಿನ ಆ ‘ಟಿಂಗ್ ಟಿಂಗ್’. ಶಾಂತಿಮೊಗರಿನ ಸೇತುವೆಯ ಮೇಲೆ ನಿಂತಿತು, ಕೆಳಗೆ ಕುಮಾರಧಾರೆ. ಪ್ಲಗ್ಗು ಕಟ್ಟಿತ್ತು: ಎರಡು ಮೊನೆಗಳ ನಡುವೆ ಕೂದಲಿನಷ್ಟು ಕರಿ ಎಳೆ. ಭಾವ ಜೇಬಿನಿಂದ ಬೆಂಕಿಪೆಟ್ಟಿಗೆ ತೆಗೆದು, ಕಡ್ಡಿ ಗೀರುವ ಬದಿಗೆ ಮೊನೆಯನ್ನು ಉಜ್ಜಿ, ಊದಿ, ಹಾಕಿ, ಒದ್ದ. ಹೊರಟಿತು. ಹೊಸಮಠದ ಮುಳುಗು ಸೇತುವೆ ಕಾಲದಲ್ಲಾದರೆ ಇಂಥ ಬೈಕನ್ನು ಗುಂಡ್ಯ ಹೊಳೆ ಇಳಿಯುವವರೆಗೆ ದಡದಲ್ಲೇ ಇಟ್ಟು ಕಾಯಬೇಕಿತ್ತು ಎಂದು ಅವನು ಹೇಳುತ್ತಿರುವಾಗಲೇ, ಹೊಸಮಠಕ್ಕೂ ಮೊದಲೇ, ಆಲಂಕಾರಿನಲ್ಲಿ ಚಹಾಕ್ಕೆ ನಿಂತೆವು.

ಹೋಟೆಲಿನ ಬೆಂಚಿನ ಮೇಲಿದ್ದ ಹಿರಿಯರೊಬ್ಬರು ಎದ್ದು ಬಂದರು. ಬೈಕನ್ನು ನೋಡಲಿಲ್ಲ, ಸೈಲೆನ್ಸರಿನ ತುದಿಗೆ ಬೆರಳು ಹಾಕಿ ಒರೆಸಿ, ಮೂಗಿನ ಹತ್ತಿರ ಹಿಡಿದರು.

“ಲೀಟರಿಗೆ ಎಷ್ಟು ಹಾಕ್ತೀರಿ?”

“ನಲವತ್ತು ಎಂ.ಎಲ್.”

“ಐವತ್ತು ಹಾಕಬೇಕು. ನಾವು ಇಪ್ಪತ್ತಕ್ಕೆ ಒಂದು ಹಾಕ್ತಾ ಇದ್ದದ್ದು.”

“ಅದು ಆ ಕಾಲದ ಆಯಿಲಿಗೆ. ಈಗಿನ ಟೂಟಿ ಒಳ್ಳೆಯದು, ಮೂವತ್ತೂ ಸಾಕು. ಈಗಲೇ ಪ್ಲಗ್ಗು ಕಟ್ಟಿತು.”

“ಪ್ಲಗ್ಗು ಕಟ್ಟಿದ್ದು ಆಯಿಲಿನಿಂದ ಅಲ್ಲ, ಟೈಮಿಂಗಿನಿಂದ. ಪಾಯಿಂಟು ತೆಗೀರಿ, ನಾನು ನೋಡ್ತೇನೆ.”

“ಪಾಯಿಂಟು ಇಲ್ಲ, ಎಲೆಕ್ಟ್ರಾನಿಕ್.”

ಹಿರಿಯರು ಭಾವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಹಾಗಾದ್ರೆ ಇದು ಜಾವಾ ಎಂತಕ್ಕೆ?” ಅಂದರು. ಭಾವ ಚಹಾದ ಲೋಟ ಕೆಳಗಿಟ್ಟು ತೋಳು ಮಡಚಿದ. ಹೋಟೆಲಿನವನು ಕುರ್ಚಿ ಎಳೆದುಕೊಂಡ, ಎದುರಿನ ಅಂಗಡಿಯಿಂದಲೂ ಇಬ್ಬರು ಬಂದರು. ಬೆರಕೆಯ ಪ್ರಮಾಣದಿಂದ ಆರಂಭವಾದದ್ದು ಯೆಜ್ಡಿ ಮೇಲೋ ಬುಲೆಟ್ ಮೇಲೋ ಎಂಬಲ್ಲಿಗೆ ಬಂದಿತ್ತು. ಅಷ್ಟರಲ್ಲಿ ಕಡಬದಿಂದ ಉಪ್ಪಿನಂಗಡಿಗೆ ಹೋಗುವ ಬಸ್ಸು ಬಂತು. ನಾನು ಹತ್ತಿದೆ.